ಮರ ಬಲ್ಲ ಸಾಹೇಬರ ಜೊತೆ ಫಿನ್‌ಲ್ಯಾಂಡಿನ ಕಾಡಿಗೆ

ಫಿನ್‌ಲ್ಯಾಂಡಿನಿಂದ ಬಂದ ಕಾಗದದಲ್ಲಿ ಇಬ್ಬರನ್ನು ಕಳಿಸಿಕೊಡಿ ಎಂದಿತ್ತು. ಒಬ್ಬರು ಇಂಗ್ಲಿಷ್ ಬಲ್ಲವರಾಗಿರಬೇಕು, ಇನ್ನೊಬ್ಬರು ಮರ ಬಲ್ಲವರಾಗಿರಬೇಕು. ಗೌರಿಬಿದನೂರು ತಾಲ್ಲೂಕಿನ ನಮ್ಮ ಮರ ಬೆಳೆಗಾರರ ಸಂಘದಲ್ಲಿ ಎರಡನ್ನೂ ಬಲ್ಲವರು ಒಬ್ಬರೂ ಇಲ್ಲ ಎಂಬುದು ಅಷ್ಟು ದೂರದವರಿಗೆ ಹೇಗೆ ತಿಳಿಯಿತೋ ಕಾಣೆ. ಹಿಂದಿನ ವರ್ಷ ಅಲ್ಲಿಂದ ಕಾಡು ಬೆಳೆಸುವವರ ಒಂದು ತಂಡ ನಮ್ಮ ನೀಲಗಿರಿ ತೋಪುಗಳನ್ನು ನೋಡಲು ಬಂದಿತ್ತು. ಏಳೆಂಟು ವರ್ಷಕ್ಕೇ ಮರ ಕಟಾವಿಗೆ ಬರುತ್ತದೆ ಎಂದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಆಗಲೇ ಏನೋ ಅನುಮಾನ ಬಂದಿರಬೇಕು.

ಇಂಗ್ಲಿಷಿಗೆ ನಾನು ಆಯ್ಕೆಯಾದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ, ಸಂಘದ ಕಾರ್ಯದರ್ಶಿಯಾಗಿ ಅರ್ಜಿಗಳನ್ನು ಬರೆಯುತ್ತಿದ್ದೆ. ಮರಕ್ಕೆ ಯಾರು ಎಂಬುದು ಜಗಳವಾಯಿತು. ಕೊನೆಗೆ ಅಧ್ಯಕ್ಷರು ಚಿಂತಾಮಣಿಯ ಅಮೀರ್ ಜಾನ್ ಸಾಹೇಬರ ಹೆಸರು ಹೇಳಿದರು. ಸಾಹೇಬರಿಗೆ ಅರವತ್ತರ ಹತ್ತಿರ. ಚಿಂತಾಮಣಿಯಲ್ಲಿ ಅವರದು ಸಾಮಿಲ್ಲು, ಪಕ್ಕದಲ್ಲೇ ಮರದ ಡಿಪೋ. ನಮ್ಮ ಸದಸ್ಯರು ಬೆಳೆದ ಮರವನ್ನೆಲ್ಲ ಕೊಳ್ಳುತ್ತಿದ್ದವರು ಅವರೇ. ಬೆಳೆಯುವವರ ಸಂಘದಿಂದ ಕಡಿಯುವವರನ್ನು ಕಳಿಸುವುದು ಸರಿಯೇ ಎಂದು ಕೆಲವರು ಎದ್ದು ನಿಂತು ಕೇಳಿದರು. ಸಭೆಗೆ ಬಂದಿದ್ದ ಸಾಹೇಬರು ಕೂತಲ್ಲಿಂದಲೇ ಹೇಳಿದರು: "ಬೆಳೆಯೋರಿಗೆ ಮರ ಹೊರಗಿಂದ ಗೊತ್ತು. ನಂಗೆ ಒಳಗಿಂದ ಗೊತ್ತು. ಯಾವ್ದು ಬೇಕೋ ನೀವೇ ಹೇಳಿ."

ಹೀಗೆ ತೊಂಬತ್ತರ ದಶಕದ ಆರಂಭದ ಒಂದು ಜುಲೈ ತಿಂಗಳಿನಲ್ಲಿ ನಾವಿಬ್ಬರೂ ಹೊರಟೆವು. ನಾನು ಸಾಹೇಬರ ಜೊತೆ ಅದುವರೆಗೆ ಒಂದು ಲೋಟ ಚಹಾ ಕುಡಿದಿದ್ದೆನೇ ಹೊರತು ಒಂದು ಬಸ್ಸಿನಲ್ಲೂ ಪ್ರಯಾಣ ಮಾಡಿರಲಿಲ್ಲ.

ಹೆಲ್ಸಿಂಕಿ

ಉತ್ತರ ಧ್ರುವದ ಪಕ್ಕದ ದೇಶ ಎಂದು ಎಲ್ಲರೂ ಹೆದರಿಸಿದ್ದರಿಂದ ನಾನು ಎರಡು ಸ್ವೆಟರ್, ಅದರ ಮೇಲೊಂದು ಕೋಟು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ವಿಮಾನದಿಂದ ಇಳಿದೆ. ಸಾಹೇಬರು ನನ್ನನ್ನು ಮೀರಿಸಿದ್ದರು. ಅವರ ಮನೆಯವರು ಹೊಲಿಸಿಕೊಟ್ಟ ದಪ್ಪ ರಜಾಯಿಯನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ಹೆಗಲ ಮೇಲೆ ಹೊತ್ತಿದ್ದರು. ಹೊರಗೆ ಬಂದರೆ ಚಿಕ್ಕಬಳ್ಳಾಪುರದ ಡಿಸೆಂಬರ್ ಬಿಸಿಲಿನಂಥ ಬಿಸಿಲು. ಜನ ಅರ್ಧ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ನೆಕ್ಕುತ್ತಿದ್ದರು. ಪುಟ್ಟ ಹುಡುಗಿಯೊಬ್ಬಳು ನನ್ನ ಮಂಕಿ ಕ್ಯಾಪನ್ನು ನೋಡಿ ಅಮ್ಮನ ಹಿಂದೆ ಅವಿತುಕೊಂಡಳು.

ನಮ್ಮನ್ನು ಕರೆದೊಯ್ಯಲು ಬಂದಿದ್ದವಳು ಲೀಸಾ. ಮೂವತ್ತರ ಆಸುಪಾಸಿನವಳು, ಒಂದು ಪಟ್ಟಣದ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ನಾವು ಉಳಿದುಕೊಳ್ಳಬೇಕಾದದ್ದು ಅವಳ ತಾಯಿಯ ಹಳ್ಳಿಮನೆಯಲ್ಲಿ. ಅವಳು ರಜಾಯಿಯನ್ನು ನೋಡಿ ಇದೇನೆಂದು ಕೇಳಿದಳು. ಹಾಸಿಗೆ ಎಂದೆ. ನಮ್ಮ ದೇಶದಲ್ಲೂ ಹಾಸಿಗೆಗಳಿವೆ ಎಂದು ಬಹಳ ಮರ್ಯಾದೆಯಿಂದ ತಿಳಿಸಿದಳು.

ರೈಲಿನಲ್ಲಿ

ಉತ್ತರಕ್ಕೆ ಹೋಗುವ ರೈಲು ಊರು ಬಿಟ್ಟ ಅರ್ಧ ಗಂಟೆಗೆ ಕಾಡಿನೊಳಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಮೊದಲ ಒಂದು ಗಂಟೆ ಸಾಹೇಬರು ಕಿಟಕಿಗೆ ಮೂಗು ಒತ್ತಿ ಕೂತು, ಇದು ಬಾಗಿಲಿಗೆ, ಇದು ಹೆಂಚಿನ ರೀಪರಿಗೆ, ಇದು ಪ್ಯಾಕಿಂಗ್ ಪೆಟ್ಟಿಗೆಗೆ ಎಂದು ಒಂದೊಂದು ಮರಕ್ಕೂ ಗತಿ ಕಾಣಿಸುತ್ತಿದ್ದರು. ಎರಡನೆಯ ಗಂಟೆಗೆ ಮಾತು ಕಡಿಮೆಯಾಯಿತು. ನಾಲ್ಕನೆಯ ಗಂಟೆಗೆ ಕಿಟಕಿಗೆ ಬೆನ್ನು ತಿರುಗಿಸಿ, "ಒಂದೇ ಮರಾನ ಎಷ್ಟು ಸಲ ತೋರಿಸ್ತಾರೆ ಮೇಷ್ಟ್ರೇ?" ಎಂದರು.

ನಿಜ, ಹಾಗೇ ಅನ್ನಿಸುತ್ತಿತ್ತು. ನಮ್ಮ ಕಾಡಿನಲ್ಲಿ, ಕಾಡು ಎಂದು ನಾವು ಕರೆಯುವ ಕುರುಚಲಿನಲ್ಲೂ, ಹತ್ತು ಹೆಜ್ಜೆಗೆ ಹತ್ತು ಜಾತಿ ಸಿಗುತ್ತದೆ. ಇಲ್ಲಿ ದಿನವಿಡೀ ಹೋದರೂ ಮೂರು ಜಾತಿ. ಲೀಸಾ ಅವುಗಳ ಹೆಸರು ಹೇಳಿಕೊಟ್ಟಳು. ಗೋಪುರದಂತೆ ಕೆಳಗಿನವರೆಗೂ ಕೊಂಬೆ ಇಳಿಬಿಟ್ಟ ಸ್ಪ್ರೂಸ್ ಮರಕ್ಕೆ ಅವರ ಭಾಷೆಯಲ್ಲಿ 'ಕೂಸಿ'. ಕೆಂಪು ಕಾಂಡದ ಪೈನ್ ಮರಕ್ಕೆ 'ಮ್ಯಾಂತಿ'. ಬಿಳಿ ತೊಗಟೆಯ ಬರ್ಚ್ ಮರಕ್ಕೆ 'ಕೊಯ್ವು'. ನಾನು ಇವನ್ನು ಕೂಸು, ಮೆಂತ್ಯ, ಕೊಯ್ಲು ಎಂದು ನೆನಪಿಟ್ಟುಕೊಂಡೆ. ಸಾಹೇಬರು ಮೊದಲನೆಯದನ್ನು ಖುಷಿ ಎಂದೇ ಕೊನೆಯವರೆಗೂ ಕರೆದರು. ಲೀಸಾಳಿಗೆ ಅದರ ಅರ್ಥ ತಿಳಿದ ಮೇಲೆ ಅವಳೂ ಹಾಗೇ ಕರೆಯತೊಡಗಿದಳು.

ಐನೋ ಅಮ್ಮನವರ ಅಂಗಳ

ಲೀಸಾಳ ತಾಯಿಯ ಹೆಸರು ಐನೋ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ತಲೆಗೆ ಬಟ್ಟೆ ಕಟ್ಟಿ, ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ನಾವು ಅವರನ್ನು ಐನೋ ಅಮ್ಮ ಎಂದೆವು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಅವರ ಭಾಷೆ ಬಾರದು. ಬೇಲಿಯ ಬುಡದ ಕಡೆ ಕೈ ತೋರಿಸಿ, ನಗುತ್ತಾ "ಕುಕ್ಕ" ಎಂದರು. ನಾವಿಬ್ಬರೂ ಒಟ್ಟಿಗೇ ಎರಡು ಹೆಜ್ಜೆ ಹಿಂದೆ ಸರಿದೆವು. ನಮ್ಮ ಕಡೆ ಕನ್ನಡದಷ್ಟೇ ತೆಲುಗು ಕಿವಿಗೆ ಬೀಳುತ್ತದೆ. ತೆಲುಗಿನಲ್ಲಿ ಕುಕ್ಕ ಎಂದರೆ ನಾಯಿ. ಎಷ್ಟು ಹುಡುಕಿದರೂ ನಾಯಿ ಕಾಣಲಿಲ್ಲ. ಅವರು ತೋರಿಸಿದ್ದು ಹೂವನ್ನು. ಅಲ್ಲಿ ಹೂವಿಗೆ ಕುಕ್ಕ ಎನ್ನುತ್ತಾರೆ.

ಊಟದ ವಿಷಯದಲ್ಲಿ ಸಾಹೇಬರು ಮೊದಲೇ ಹೇಳಿಬಿಟ್ಟರು: ಮೀನು, ಆಲೂಗಡ್ಡೆ, ಮೊಟ್ಟೆ ಸಾಕು. ಜೊತೆಗಾರ ಬಿಟ್ಟ ಮಾಂಸವನ್ನು ಎದುರಿಗೆ ಕೂತು ತಿನ್ನುವುದು ಹೇಗೆಂದು ನಾನೂ ಹಾಗೇ ಅಂದೆ. ಮೂರು ವಾರ ಮೀನು, ಆಲೂಗಡ್ಡೆ. ಆ ಔದಾರ್ಯಕ್ಕಾಗಿ ನಾನು ದಿನಕ್ಕೊಮ್ಮೆಯಾದರೂ ಪಶ್ಚಾತ್ತಾಪ ಪಟ್ಟಿದ್ದೇನೆ.

ಮಾರನೆಯ ದಿನ ಬೆಳಿಗ್ಗೆ ಸಾಹೇಬರು ಮನೆ ಹಿಂದಿನ ಕಾಡಿಗೆ ವಾಕಿಂಗ್ ಹೋದವರು ಕೂಗಾಡುವುದು ಕೇಳಿಸಿತು. ಓಡಿಹೋಗಿ ನೋಡಿದೆ. ಮುದುಕ ದಂಪತಿ ಇಬ್ಬರು ಬಕೆಟ್ ಹಿಡಿದು ನೀಲಿ ಬಣ್ಣದ ಸಣ್ಣ ಕಾಡುಹಣ್ಣು ಬಿಡಿಸುತ್ತಿದ್ದರು. ಸಾಹೇಬರು ಅವರಿಗೆ ಅಡ್ಡ ನಿಂತು, ಉರ್ದುವಿನಲ್ಲಿ ಮತ್ತು ಕನ್ನಡದಲ್ಲಿ, ವಯಸ್ಸಾದ ಮೇಲಾದರೂ ಕಳ್ಳತನ ಬಿಡಬಾರದೇ ಎಂದು ಕೇಳುತ್ತಿದ್ದರು. ಮುದುಕ ಹೆದರಿ ಒಂದು ಹಿಡಿ ಹಣ್ಣು ಅವರ ಕೈಗೆ ಕೊಟ್ಟ. ಸಾಹೇಬರು ಅದನ್ನು ಸಾಕ್ಷಿಯಂತೆ ಹಿಡಿದು ತಂದರು.

ಲೀಸಾ ನಕ್ಕು ಸುಸ್ತಾದಳು. ಆ ದೇಶದಲ್ಲಿ ಮರ ಮಾತ್ರ ಮಾಲೀಕನದು. ಕಾಡಿನಲ್ಲಿ ತಾನಾಗಿ ಬೆಳೆದ ಹಣ್ಣು, ಅಣಬೆ ಯಾರು ಬಿಡಿಸಿಕೊಂಡರೆ ಅವರದು. ಯಾರ ಕಾಡಿನಲ್ಲಿ ಯಾರು ಬೇಕಾದರೂ ನಡೆಯಬಹುದು. ಸಾಹೇಬರಿಗೆ ಅರಗಲಿಲ್ಲ. ನಮ್ಮಲ್ಲಿ ಹುಣಸೆ ಹಣ್ಣಿನ ಕಾಲದಲ್ಲಿ ಮರಕ್ಕೊಬ್ಬ ಕಾವಲುಗಾರ ಇರುವುದನ್ನು ವಿವರಿಸಿದರು. ಐನೋ ಅಮ್ಮ ಮಗಳ ಮೂಲಕ ಕೇಳಿದರು: "ಹಾಗಾದರೆ ಬಡವರು ಯಾವ ಮರದ ಹಣ್ಣು ತಿನ್ನುತ್ತಾರೆ?" ನಾನು ತರ್ಜುಮೆ ಮಾಡಿದೆ. ಸಾಹೇಬರು ಕೈಯಲ್ಲಿದ್ದ ಹಣ್ಣುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡರು. ಸಂಜೆಯವರೆಗೂ ಅವರ ತುಟಿ ನೀಲಿಯಾಗಿತ್ತು.

ಹುತ್ತದ ಹತ್ತಿರ

ಮೂರನೆಯ ದಿನ ಐನೋ ಅಮ್ಮ ತಮ್ಮ ಕಾಡು ತೋರಿಸಲು ಕರೆದುಕೊಂಡು ಹೋದರು. ಕಾಲಿಟ್ಟರೆ ನೆಲ ಹಾಸಿಗೆಯಂತೆ ಒಳಗೆ ಹೋಗುತ್ತಿತ್ತು. ಅಷ್ಟು ದಪ್ಪ ಪಾಚಿ. ಒಂದು ಹಳೆಯ ಬುಡದ ಮೇಲೆ ಸಾಹೇಬರು ಕೂತು ಅದರ ಉಂಗುರಗಳನ್ನು ಎಣಿಸತೊಡಗಿದರು. ಹೆಬ್ಬೆರಳಿನ ಅಗಲದಷ್ಟು ಜಾಗಕ್ಕೆ ಬರುವಷ್ಟರಲ್ಲಿ ಮೂವತ್ತು ವರ್ಷ ಮುಗಿದಿತ್ತು. ಅಷ್ಟು ದಪ್ಪವನ್ನು ನಮ್ಮ ನೀಲಗಿರಿ ಒಂದು ಮಳೆಗಾಲಕ್ಕೆ ಹಾಕುತ್ತದೆ. ಅಲ್ಲಿ ವರ್ಷದ ಅರ್ಧದಷ್ಟು ಕಾಲ ನೆಲ ಹಿಮದಡಿ ಇರುತ್ತದೆ. ಬೇಸಿಗೆಯ ಮೂರು ತಿಂಗಳಲ್ಲಿ ಎಷ್ಟು ಬೆಳೆಯಿತೋ ಅಷ್ಟೇ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಡಿಯುತ್ತಾನೆ. ಕಡಿದವನು ಮತ್ತೆ ನೆಡಲೇಬೇಕೆಂದು ಕಾನೂನಿದೆ. ತಾನು ಎಂದೂ ಕಡಿಯಲಾಗದ ಮರವನ್ನು ಪ್ರತಿಯೊಬ್ಬನೂ ನೆಟ್ಟು ಹೋಗುತ್ತಾನೆ. "ಇಂಥ ಕಡೆ ಡಿಪೋ ಇಟ್ರೆ ಮೊದಲ ಲೋಡು ಬರೋದ್ರೊಳಗೆ ನಾನು ಮಣ್ಣಾಗಿರ್ತೀನಿ" ಎಂದರು ಸಾಹೇಬರು.

ಸ್ವಲ್ಪ ಮುಂದೆ ನನ್ನ ಸೊಂಟದೆತ್ತರದ ಒಂದು ಹುತ್ತ ಎದುರಾಯಿತು. ಮಣ್ಣಿನದಲ್ಲ, ಒಣಗಿದ ಸೂಜಿ ಎಲೆಗಳದು. ಆದರೂ ಹುತ್ತವೇ. ನಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಬೂಟು ಕಳಚಿ ಕೈ ಮುಗಿದಿದ್ದೆ. ಐನೋ ಅಮ್ಮನೂ ತಲೆಬಟ್ಟೆ ಸರಿಮಾಡಿಕೊಂಡು ಪಕ್ಕದಲ್ಲಿ ನಿಂತರು. ಆ ಗಂಭೀರ ಕ್ಷಣ ಹೆಚ್ಚು ಹೊತ್ತು ಉಳಿಯಲಿಲ್ಲ. ಅದು ಇರುವೆಗಳ ಗೂಡು. ಕಾಲ್ಚೀಲದ ಮೂಲಕ ಪ್ಯಾಂಟಿನೊಳಗೆ ಹತ್ತಿದ ಇರುವೆಗಳು ಮೊಣಕಾಲಿನ ಹತ್ತಿರ ಬಂದು ತಮ್ಮ ಕೆಲಸ ಶುರುಮಾಡಿದವು. ನಾನು ಆ ಪಾಚಿಯ ಮೇಲೆ ಕುಣಿದ ಕುಣಿತವನ್ನು ಐನೋ ಅಮ್ಮ ಪೂಜೆಯ ಮುಂದಿನ ಭಾಗವೆಂದು ತಿಳಿದು ಭಕ್ತಿಯಿಂದಲೇ ನೋಡಿದರು. ಸಾಹೇಬರು ಮಾತ್ರ ಮರಕ್ಕೆ ಒರಗಿಕೊಂಡು, ದೇವರು ಪೂಜೆ ಒಪ್ಪಿಕೊಂಡ ಹಾಗೆ ಕಾಣುತ್ತದೆ ಎಂದರು.

ಆ ಇರುವೆಗಳು ಮರದ ಎಲೆ ತಿನ್ನುವ ಹುಳುಗಳನ್ನು ಹಿಡಿದು ತಿನ್ನುತ್ತವೆ, ಆದ್ದರಿಂದ ಗೂಡನ್ನು ಯಾರೂ ಕೆಡಿಸುವುದಿಲ್ಲ ಎಂದು ಲೀಸಾ ನನ್ನ ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳಲು ಕೊಡುತ್ತಾ ವಿವರಿಸಿದಳು. ವಿಜ್ಞಾನದ ಮೇಷ್ಟ್ರಾಗಿ ನನಗೆ ಬಹಳ ಸಂತೋಷವಾಯಿತು ಎಂದೆ.

ಕಾಗದದ ಕಾರ್ಖಾನೆ

ನದಿಯ ದಂಡೆಯ ಪಟ್ಟಣದಲ್ಲಿ ಒಂದು ಕಾಗದದ ಕಾರ್ಖಾನೆ ನೋಡಲು ಹೋದೆವು. ಊರು ಕಾಣುವ ಮೊದಲೇ ವಾಸನೆ ಬಂತು. ಹತ್ತು ಬುಟ್ಟಿ ಕೋಸು ಬೇಯಿಸಿ ಒಂದು ವಾರ ಮುಚ್ಚಿಟ್ಟಂಥ ವಾಸನೆ. ಕರವಸ್ತ್ರ ಮೂಗಿಗೆ ಹಿಡಿದೆ. ಅಲ್ಲಿಯವರು ಇದನ್ನು ದುಡ್ಡಿನ ವಾಸನೆ ಎನ್ನುತ್ತಾರಂತೆ. ಸಾಹೇಬರಿಗೆ ಏನೂ ಅನ್ನಿಸಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಬೀದಿಯಲ್ಲಿ ಬೀಗರ ಮನೆ ಇಟ್ಟುಕೊಂಡವರಿಗೆ ಇದೇನು ಮಹಾ ಎಂದರು.

ನಮ್ಮ ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯ ಕಾರ್ಖಾನೆಗಳನ್ನೆಲ್ಲ ಒಟ್ಟಿಗೆ ಸೇರಿಸಿದರೂ ಅದರ ಒಂದು ಮೂಲೆಗೆ ಬರುತ್ತಿರಲಿಲ್ಲ. ಒಂದು ಕಡೆ ಮರದ ದಿಮ್ಮಿ ಹೋಗುತ್ತದೆ, ಇನ್ನೊಂದು ಕಡೆ ಹೊಲದಷ್ಟು ಅಗಲದ ಬಿಳಿ ಕಾಗದ ಬರುತ್ತದೆ. ತೊಗಟೆಯನ್ನು ಉರಿಸಿ ಉಗಿ ಮಾಡುತ್ತಾರೆ, ಬೇಯಿಸಿದ ರಸದಿಂದ ಎಣ್ಣೆ ತೆಗೆಯುತ್ತಾರೆ. ನಮ್ಮಲ್ಲಿ ತೆಂಗಿನ ಮರದಲ್ಲಿ ಏನೂ ದಂಡವಾಗುವುದಿಲ್ಲವಲ್ಲ, ಹಾಗೆ. ಇಬ್ಬರು ಎದುರಾದರೆ ಮಳೆ ಆಯಿತೇ ಎಂದು ಕೇಳುವ ಊರಿನಿಂದ ಬಂದ ನನಗೆ, ದಿಮ್ಮಿಗೆ ಏನು ಬೆಲೆ ಇದೆ ಎಂದು ಕೇಳುವ ಊರು ವಿಚಿತ್ರವಾಗಿ ಕಂಡಿತು. ಅವರ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲದರ ಬುಡಕ್ಕೆ ಹೋದರೆ ಒಂದು ಮರ ಸಿಗುತ್ತಿತ್ತು.

ಸಾಹೇಬರು ಅಲ್ಲಿ ಕಲಿತದ್ದು ಒಂದೇ ವಿಷಯ, ಆದರೆ ಅದು ಮುಖ್ಯವಾದದ್ದು. ಗಟ್ಟಿ ದಿಮ್ಮಿ ಹಲಗೆಗೆ ಹೋಗುತ್ತದೆ, ಅದಕ್ಕೆ ಒಳ್ಳೆಯ ಬೆಲೆ. ಸಣ್ಣದು, ಸೊಟ್ಟದು, ಸ್ವಲ್ಪ ಕೆಟ್ಟದ್ದು ಕಾಗದಕ್ಕೆ ಹೋಗುತ್ತದೆ, ಅದಕ್ಕೆ ಅರ್ಧವೂ ಇಲ್ಲ.

ಬಿಸಿಮನೆ

ಐನೋ ಅಮ್ಮನವರ ಕಾಡಿಗೆ ಸಲಹೆ ಕೊಡುವ ಅರಣ್ಯದವನ ಹೆಸರು ಪೆಕ್ಕ. ಬಹಳ ಬುದ್ಧಿವಂತ, ಬಹಳ ಮೌನಿ. ಆದರೂ ಆ ಹೆಸರು ಕರೆಯುವಾಗಲೆಲ್ಲ ನಮ್ಮ ಬಾಯಿಗೆ ಪೆಕ್ರ ಎಂದೇ ಬರುತ್ತಿತ್ತು, ಇಬ್ಬರಿಗೂ ನಗು ತಡೆಯಲು ಆಗುತ್ತಿರಲಿಲ್ಲ. ಭಾರತೀಯರು ಸದಾ ನಗುಮುಖದವರು ಎಂದು ಅವನು ಲೀಸಾಳ ಹತ್ತಿರ ಹೊಗಳಿದ್ದನಂತೆ.

ಶನಿವಾರ ಅವನು ನಮ್ಮನ್ನು ಕೆರೆ ದಂಡೆಯ ಸೌನಾಕ್ಕೆ ಕರೆದೊಯ್ದ. ಅದು ಮರದ ಪುಟ್ಟ ಕೋಣೆ. ಒಳಗೆ ಕಲ್ಲುಗಳನ್ನು ಕಾಯಿಸಿ, ನೀರೆರಚಿ, ಆ ಹಬೆಯಲ್ಲಿ ಬತ್ತಲೆ ಕೂರಬೇಕು. ನಾನು ಟವೆಲ್ ಬಿಡಲಿಲ್ಲ, ಸಾಹೇಬರು ಲುಂಗಿ ಬಿಡಲಿಲ್ಲ. ಹೊಸಕೋಟೆಯಿಂದ ಏಪ್ರಿಲ್ ತಿಂಗಳಲ್ಲಿ ಕೆಂಪು ಬಸ್ಸು ಹತ್ತಿದವರಿಗೆ ಆ ಶಾಖ ಹೊಸದೇನಲ್ಲ, ಕಾಸು ಕೊಡದೆ ಸಿಕ್ಕಿತು ಅಷ್ಟೇ. ಆಮೇಲೆ ಪೆಕ್ಕ ಎಲೆ ಸಮೇತ ಬರ್ಚ್ ಕೊಂಬೆಗಳ ಕಟ್ಟೊಂದನ್ನು ಸಾಹೇಬರ ಕೈಗೆ ಕೊಟ್ಟು, ಬೆನ್ನು ತಿರುಗಿಸಿ, ಹೊಡೆಯಿರಿ ಎಂದು ಸನ್ನೆ ಮಾಡಿದ. ಮೈಗೆ ಒಳ್ಳೆಯದಂತೆ. ನಮ್ಮ ಕಡೆ ಸೊಪ್ಪಿನಿಂದ ಹೊಡೆಯುವುದು ಒಂದೇ ಕಾಯಿಲೆಗೆ. ಸಾಹೇಬರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಕೈ ಎತ್ತಿ ಚೆನ್ನಾಗಿಯೇ ಬಾರಿಸುತ್ತಾ, "ಎವರು ನುವ್ವು? ಎಕ್ಕಡ್ನಿಂಚಿ ವಚ್ಚಿನಾವು?" ಎಂದು ಗದರಿದರು. ಯಾರು ನೀನು, ಎಲ್ಲಿಂದ ಬಂದೆ ಎಂದು. ನಮ್ಮ ಸೀಮೆಯ ದೆವ್ವಗಳಿಗೆ ತೆಲುಗೇ ಚೆನ್ನಾಗಿ ಅರ್ಥವಾಗುವುದು. ಪೆಕ್ಕ ಬಹಳ ಹಾಯೆನಿಸಿತು ಎಂದ.

ಕೊಡಲಿಯ ಹಿಂಭಾಗ

ಎರಡನೆಯ ವಾರ ಐನೋ ಅಮ್ಮನವರ ಮನೆಯಲ್ಲಿ ಒಂದು ದೊಡ್ಡ ಕೆಲಸವಿತ್ತು. ಕೆರೆಯ ಪಕ್ಕದ ಇಳಿಜಾರಿನಲ್ಲಿ ಅವರ ಗಂಡನ ಅಜ್ಜನ ಕಾಲದ ಸ್ಪ್ರೂಸ್ ಮರಗಳು ಒತ್ತಾಗಿ ನಿಂತಿದ್ದವು. ಆ ಚಳಿಗಾಲಕ್ಕೆ ಅವನ್ನು ಕಡಿಸಿ ಮಾರಿ, ಆ ದುಡ್ಡಿನಲ್ಲಿ ಲೀಸಾಳಿಗೆ ಅದೇ ಅಂಗಳದಲ್ಲಿ ಮನೆ ಕಟ್ಟಿಸಿಕೊಡುವುದೆಂದು ಮಾತಾಗಿತ್ತು. ಲೀಸಾ ಪಟ್ಟಣದ ಬಾಡಿಗೆ ಮನೆ ಬಿಟ್ಟು ತಾಯಿಯ ಹತ್ತಿರ ಬಂದಿರಲು ಕಾಯುತ್ತಿದ್ದಳು. ಮೂರು ಕೋಣೆಯ ಮನೆಯ ನಕ್ಷೆಯನ್ನು ನಮಗೆ ಎರಡು ಸಲ ತೋರಿಸಿದ್ದಳು. ಪೆಕ್ಕ ಮರಗಳನ್ನು ಅಳೆದು ಗುರುತು ಹಾಕಲು ಬಂದ. ನಾವೂ ಜೊತೆಗೆ ಹೋದೆವು.

ಮರಗಳು ನೋಡಲು ದೇವಸ್ಥಾನದ ಕಂಬದಂತೆ ನೆಟ್ಟಗಿದ್ದವು. ಸಾಹೇಬರು ಪೆಕ್ಕನ ಕೊಡಲಿ ಇಸಿದುಕೊಂಡು ಅದರ ಹಿಂಭಾಗದಿಂದ ಒಂದು ಮರದ ಬುಡಕ್ಕೆ ತಟ್ಟಿದರು. ಹಳೆಯ ಅಭ್ಯಾಸ. ಒಂದು ಮೊಳ ಮೇಲೆ ತಟ್ಟಿದರು. ಸುತ್ತು ಬಂದು ಆ ಕಡೆ ತಟ್ಟಿದರು. ಮುಖದ ನಗು ಹೋಯಿತು. ಪಕ್ಕದ ಮರಕ್ಕೆ ಹೋದರು.

"ಮೇಷ್ಟ್ರೇ, ಇವು ಒಳಗೆ ಹೋಗಿವೆ" ಎಂದರು ಮೆಲ್ಲಗೆ. "ಬುಡ ಪೊಳ್ಳು."

"ಸುಮ್ನಿರಿ ಸಾಹೇಬ್ರೇ. ನಾವು ಇಲ್ಲಿ ನೆಂಟ್ರು. ಆ ಹುಡ್ಗಿ ಮನೆ ಕಟ್ಟೋ ಕನಸಲ್ಲಿದ್ದಾಳೆ."

ಏನು ಹೇಳುತ್ತಿದ್ದಾರೆ ಎಂದು ಲೀಸಾ ಕೇಳಿದಳು. ಇಷ್ಟು ಒಳ್ಳೆಯ ಮರ ನಾನು ನೋಡಿಯೇ ಇಲ್ಲ ಎನ್ನುತ್ತಿದ್ದಾರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಲೀಸಾ ಸಂತೋಷದಿಂದ ತಾಯಿಯ ಕಡೆ ತಿರುಗಿದಳು.

ಡಿಪೋ ನಡೆಸುವವರಿಗೆ ಬೇಕಾದಷ್ಟು ಇಂಗ್ಲಿಷ್ ಸಾಹೇಬರಿಗೂ ಇತ್ತು. ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ, ಲೀಸಾಳ ಮುಂದೆ ಹೋಗಿ ನಿಂತು, "ನೋ ಗುಡ್. ಇನ್‌ಸೈಡ್ ನೋ ಗುಡ್" ಎಂದರು.

ಪೆಕ್ಕ ಒಪ್ಪಲಿಲ್ಲ. ಹೊರಗೆ ಒಂದು ಗಾಯವಿಲ್ಲ, ತುದಿ ಹಸಿರಾಗಿದೆ ಎಂದ. ಸಾಹೇಬರು ಮತ್ತೆ ತಟ್ಟಿ ತೋರಿಸಿದರು. ವಾದ ಬೆಳೆಯುವಂತೆ ಕಂಡಾಗ ಐನೋ ಅಮ್ಮ ಒಂದೇ ಮಾತು ಹೇಳಿದರು: ಒಂದು ಮರ ಕಡಿದು ನೋಡಿ. ಪೆಕ್ಕ ಗರಗಸದ ಯಂತ್ರ ತಂದ. ಮರ ಬಿತ್ತು. ಬುಡದ ನಡುವೆ, ತಟ್ಟೆಯಷ್ಟು ಅಗಲ, ನೆನೆದ ಹೊಗೆಸೊಪ್ಪಿನ ಹಾಗೆ ಕಂದು ಪುಡಿ. ಸಾಹೇಬರು ಅದರೊಳಗೆ ಬೆರಳು ಹಾಕಿದರು, ಮೂರನೆಯ ಗೆಣ್ಣಿನವರೆಗೂ ಹೋಯಿತು. ನನಗೆ ಲೀಸಾಳ ಮುಖ ನೋಡುವ ಧೈರ್ಯ ಬರಲಿಲ್ಲ.

ಪೆಕ್ಕ ಆಮೇಲೆ ವಿವರಿಸಿದ. ಇದು ಒಂದು ಶಿಲೀಂಧ್ರದ ರೋಗ. ಬೇಸಿಗೆಯಲ್ಲಿ ಮರ ಕಡಿದರೆ ಹಸಿ ಬುಡದ ಮೇಲೆ ಅದರ ಬೀಜದಂಥ ಕಣಗಳು ಗಾಳಿಯಲ್ಲಿ ಬಂದು ಕೂರುತ್ತವೆ. ಬೇರಿನಿಂದ ಬೇರಿಗೆ ದಾಟಿ ಪಕ್ಕದ ಮರದೊಳಗೆ ಸೇರುತ್ತವೆ. ಹೊರಗೆ ವರ್ಷಗಟ್ಟಲೆ ಏನೂ ಕಾಣುವುದಿಲ್ಲ. ಆದ್ದರಿಂದಲೇ ಚಳಿಗಾಲದಲ್ಲಿ ಕಡಿಯುವುದು. ಐನೋ ಅಮ್ಮ ತಲೆಯಾಡಿಸಿದರು. ಗಂಡ ಒಂದು ವರ್ಷ ಬೇಸಿಗೆಯಲ್ಲೇ ಅಲ್ಲಿ ಒತ್ತು ಮರಗಳನ್ನು ತೆಗೆಸಿದ್ದರಂತೆ. ಮಗಳ ಓದಿಗೆ ದುಡ್ಡು ಬೇಕಾಗಿತ್ತಂತೆ.

ಆ ಮಧ್ಯಾಹ್ನವೆಲ್ಲ ಸಾಹೇಬರು ಒಂದೊಂದು ಮರವನ್ನೂ ತಟ್ಟಿದರು. ಪೊಳ್ಳು ಎಂದ ಮರಕ್ಕೆ ಐನೋ ಅಮ್ಮ ಕೆಂಪು ನೂಲು ಕಟ್ಟಿದರು, ಗಟ್ಟಿ ಎಂದದ್ದಕ್ಕೆ ಬಿಳಿ ನೂಲು. ಕೆಂಪೇ ಹೆಚ್ಚಾಯಿತು. ಪೆಕ್ಕ ನಡುನಡುವೆ ಒಂದು ಸಣ್ಣ ಕೊಳವೆಯಿಂದ ಕೊರೆದು ಪರೀಕ್ಷೆ ಮಾಡುತ್ತಿದ್ದ. ಒಂದು ಕಡೆ ಸಾಹೇಬರ ಕಿವಿ ತಪ್ಪಿತು, ಕೆಂಪು ನೂಲಿನ ಮರ ಗಟ್ಟಿಯಾಗಿತ್ತು. ಪೆಕ್ಕ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕ. ಸಾಹೇಬರೂ ನಕ್ಕರು.

ಮನೆಗೆ ಬಂದ ಮೇಲೆ ಐನೋ ಅಮ್ಮ ಕಾಫಿ ಮಾಡಿ ಮೊದಲ ಲೋಟವನ್ನು ಸಾಹೇಬರಿಗೆ ಕೊಟ್ಟರು. ಲೀಸಾಳ ಮೂಲಕ ಹೇಳಿದರು: ಸೋಂಕು ಹಿಡಿದ ಜಾಗಕ್ಕೆ ಇನ್ನು ಬರ್ಚ್ ನೆಡುವುದು, ಅದಕ್ಕೆ ಈ ರೋಗ ಅಷ್ಟಾಗಿ ತಾಗುವುದಿಲ್ಲ. ಕಾಗದಕ್ಕೂ ಬಾರದ ಹತ್ತಾರು ಮರಗಳನ್ನು ಹಾಗೇ ನಿಲ್ಲಿಸುವುದು, ಮರಕುಟಿಗ ಅಲ್ಲಿ ಗೂಡು ಕೊರೆಯುತ್ತದೆ. ಅದು ಬಿಟ್ಟ ಪೊಟರೆಗೆ ಹಾರುವ ಅಳಿಲು ಬರುತ್ತದೆ. ಮನೆಯನ್ನು ಸ್ವಲ್ಪ ಚಿಕ್ಕದು ಮಾಡಿದರಾಯಿತು. ಲೀಸಾ ಕೊನೆಯ ವಾಕ್ಯವನ್ನು ತರ್ಜುಮೆ ಮಾಡುವಾಗ ಮಾತ್ರ ಸ್ವಲ್ಪ ನಿಂತಳು. ಮರುವರ್ಷ ಅವಳ ಪತ್ರ ಬಂತು. ಮನೆ ಎದ್ದಿದೆ, ಎರಡು ಕೋಣೆ, ಅಮ್ಮ ದಿನಾ ಕಾಫಿಗೆ ಬರುತ್ತಾರೆ ಎಂದು ಬರೆದಿದ್ದಳು.

ಕೆರೆ ದಂಡೆ

ಅದೇ ದಿನ ಸಂಜೆ ಸಾಹೇಬರು ನಮಾಜು ಮುಗಿಸಿ ಕೆರೆಯ ದಂಡೆಯ ಹಲಗೆಯ ಮೇಲೆ ಬಂದು ಕೂತರು. ನಾನು ಅಲ್ಲಿ ಸೊಳ್ಳೆ ಹೊಡೆಯುತ್ತಿದ್ದೆ. ಆ ದೇಶದ ಸೊಳ್ಳೆಗಳೂ ವರ್ಷಕ್ಕೆ ಮೂರೇ ತಿಂಗಳು ಬದುಕುವುದರಿಂದ ಸಮಯ ಹಾಳುಮಾಡುವುದಿಲ್ಲ. ಬೆಳಿಗ್ಗೆ ಹೇಳಿದ ಸುಳ್ಳಿಗೆ ಸಾಹೇಬರು ನನ್ನನ್ನು ಕೇಳಿಯೇ ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ಬೇರೆಯೇ ಮಾತು ತೆಗೆದರು.

"ಮೇಷ್ಟ್ರೇ, ನಿಮ್ಮ ಹುಣಸೇ ತೋಪು ಪೊಳ್ಳಲ್ಲ."

ಇದನ್ನು ಓದುಗರಿಗೆ ವಿವರಿಸಬೇಕು. ನಗರಗೆರೆ ರಸ್ತೆಯಲ್ಲಿ ನಮ್ಮ ಮನೆತನಕ್ಕೆ ಸೇರಿದ ಒಂದು ಹುಣಸೆ ತೋಪಿದೆ. ನಾನು, ನಮ್ಮಣ್ಣ ಇಬ್ಬರೂ ಪಾಲುದಾರರು. ನಾವು ಹೊರಡುವ ಹಿಂದಿನ ತಿಂಗಳು ಸಾಹೇಬರು ಬಂದು ಅಲ್ಲಿನ ಮರಗಳನ್ನು ತಟ್ಟಿ, ಎಲ್ಲವೂ ಒಳಗೆ ಪೊಳ್ಳಾಗಿವೆ, ಗಾಣಕ್ಕಾಗಲೀ ಒನಕೆಗಾಗಲೀ ಬಾರವು, ಶಿಡ್ಲಘಟ್ಟದಲ್ಲಿ ಗೂಡು ಬೇಯಿಸುವ ಒಲೆಗೆ ಸೌದೆಯಾಗಿ ಹೋಗಬೇಕಷ್ಟೇ ಎಂದಿದ್ದರು. ಸೌದೆಯ ಬೆಲೆಗೆ ನಾವು ಒಪ್ಪಿದ್ದೆವು. ಬಿದ್ದು ಹೋಗುವ ಮರ ಇಟ್ಟುಕೊಂಡು ಏನು ಮಾಡುವುದೆಂದು, ಅವನ್ನು ತೆಗೆಸಿ ನೀಲಗಿರಿ ಹಾಕುವುದೆಂದು ನಾನೇ ಅಣ್ಣನನ್ನು ಒಪ್ಪಿಸಿದ್ದೆ. ನಾವು ವಾಪಸು ಬಂದ ಮೇಲೆ ಕಡಿಯುವುದೆಂದು ಮಾತಾಗಿತ್ತು.

"ತಟ್ಟೋ ಜಾಗ ಗೊತ್ತಿದ್ರೆ ಯಾವ ಮರಾನಾದ್ರೂ ಪೊಳ್ಳು ಅನ್ನಿಸ್ಬೋದು" ಎಂದರು ಸಾಹೇಬರು ನೀರು ನೋಡುತ್ತಾ. "ವ್ಯಾಪಾರ ಮೇಷ್ಟ್ರೇ. ಮೂವತ್ತು ವರ್ಷದಿಂದ ಹಿಂಗೇ ಮಾಡಿದೀನಿ. ಇವತ್ತು ಆ ಅಮ್ಮ ಕಾಫಿ ಕೊಟ್ರಲ್ಲ, ಗಂಟಲಲ್ಲಿ ಇಳೀಲಿಲ್ಲ."

ನನಗೆ ಕೋಪ ಬಂತು. ಕೋಪವನ್ನು ಸರಿಯಾಗಿ ತೋರಿಸಿಕೊಳ್ಳಲೂ ಆಗಲಿಲ್ಲ. ಗಟ್ಟಿ ಮರವನ್ನು ಪೊಳ್ಳು ಎಂದವರು ಅವರು, ಪೊಳ್ಳು ಮರವನ್ನು ಗಟ್ಟಿ ಎಂದವನು ನಾನು, ಇಬ್ಬರೂ ಒಂದೇ ಹಲಗೆಯ ಮೇಲೆ ಕೂತಿದ್ದೆವು. ಬಹಳ ಹೊತ್ತು ಇಬ್ಬರೂ ಸೊಳ್ಳೆ ಹೊಡೆದೆವು. ಆಮೇಲೆ ಅವರು ಕೋಪ ಬಂತೇ ಎಂದು ಕೇಳಿದರು. ಬಂತು ಎಂದೆ. ಬರಬೇಕಾದದ್ದೇ ಎಂದರು. 'ಸೊಳ್ಳೆ ಕಡೀತಾವೆ' ಎನ್ನುತ್ತಾ ತಮ್ಮ ಶಾಲಿನ ಒಂದು ತುದಿಯನ್ನು ನನ್ನ ಕಾಲಿನ ಮೇಲೆ ಹೊದಿಸಿದರು.

ನಗರಗೆರೆ ರಸ್ತೆ

ಊರಿಗೆ ಬಂದ ಮೇಲೆ ಎರಡು ವಾರ ಸಾಹೇಬರ ಸುದ್ದಿಯಿಲ್ಲ. ವಿದೇಶದ ಗಾಳಿಗೆ ಬಂದ ಒಳ್ಳೆಯ ಬುದ್ಧಿ ಚಿಂತಾಮಣಿಯ ಗಾಳಿಗೆ ಹೋಗಿರಬೇಕೆಂದುಕೊಂಡೆ. ನಾನೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವರೇ ಹೇಳಲಿ ಎಂದು ನನಗೆ ನಾನು ಹೇಳಿಕೊಂಡಿದ್ದೆ. ಅಣ್ಣನಿಗೆ ಹೆದರಿದ್ದೆ ಎನ್ನುವುದು ಇನ್ನೂ ಸರಿಯಾದ ಮಾತು.

ಒಂದು ಭಾನುವಾರ ಬೆಳಿಗ್ಗೆ ಸಾಹೇಬರು ಬಸ್ಸಿನಲ್ಲಿ ಬಂದಿಳಿದರು. ಲಾರಿಯಿಲ್ಲ, ಆಳುಗಳಿಲ್ಲ, ಕೈಯಲ್ಲಿ ಒಂದು ಕೊಡಲಿ ಮಾತ್ರ. ನಮ್ಮಣ್ಣ, ಅತ್ತಿಗೆ ಲಕ್ಷ್ಮಮ್ಮ, ನಾನು ತೋಪಿಗೆ ಹೋದೆವು. ಸಾಹೇಬರು ಮೊದಲ ಮರದ ಗಂಟಿನ ಪಕ್ಕ ತಟ್ಟಿದರು, ಡೊಬ್ ಎಂದಿತು. ಒಂದು ಗೇಣು ಸರಿದು ತಟ್ಟಿದರು, ಕಲ್ಲಿಗೆ ಹೊಡೆದ ಹಾಗೆ ಕೇಳಿಸಿತು. ಹಿಂದೆ ಎಲ್ಲಿ ತಟ್ಟಿದ್ದರು, ಏಕೆ ಅಲ್ಲೇ ತಟ್ಟಿದ್ದರು ಎಂಬುದನ್ನು ಒಂದೊಂದು ಮರದ ಮುಂದೆಯೂ ನಿಂತು ಹೇಳಿದರು. ಕೊನೆಗೆ, ಗಟ್ಟಿ ಮರದ ಬೆಲೆಯನ್ನೇ ಕೊಡುತ್ತೇನೆ, ಇಷ್ಟವಿದ್ದರೆ ಕೊಡಿ ಎಂದರು.

ಅಣ್ಣ ರೇಗಿದ. ಮೊದಲು ಸಾಹೇಬರ ಮೇಲೆ, ಆಮೇಲೆ ಗೊತ್ತಿದ್ದೂ ಹೇಳದ ನನ್ನ ಮೇಲೆ. ಅವನ ಮಾತು ಮುಗಿಯುವವರೆಗೆ ಅತ್ತಿಗೆ ಮರದ ನೆರಳಿನಲ್ಲಿ ಸೆರಗು ಹೊದ್ದು ನಿಂತಿದ್ದರು. ವರ್ಷ ವರ್ಷ ಆ ತೋಪಿನ ಹುಣಸೆ ಬಡಿಸಿ, ಬೀಜ ಬಿಡಿಸಿ, ಹೆಂಗಸರ ಗುಂಪು ಕಟ್ಟಿಕೊಂಡು ಮಾಡಿಸುತ್ತಿದ್ದವರು ಅವರು. ಕಡಿಯುವ ಮಾತು ಬಂದಾಗ ಅವರನ್ನು ಯಾರೂ ಕೇಳಿರಲಿಲ್ಲ.

"ಪೊಳ್ಳು ಅಂತ ಕಡೀಬೇಕು ಅಂದ್ರಿ, ಸರಿ" ಎಂದರು. "ಗಟ್ಟಿಗಿದ್ರೆ ಯಾಕಪ್ಪಾ ಕಡೀಬೇಕು?"

ಅಣ್ಣ ನನ್ನನ್ನು ನೋಡಿದ, ನಾನು ಸಾಹೇಬರನ್ನು ನೋಡಿದೆ. ಮೂವತ್ತು ವರ್ಷ ಮರದ ವ್ಯಾಪಾರ ಮಾಡಿದ ಸಾಹೇಬರು ಕೊಡಲಿಯನ್ನು ಮರಕ್ಕೆ ಒರಗಿಸಿಟ್ಟರು. ತೋಪು ಉಳಿಯಿತು. ಆ ಜಾಗಕ್ಕೆಂದು ತರಿಸಿದ್ದ ನೀಲಗಿರಿ ಸಸಿಗಳನ್ನು ಸಂಘದ ಬೇರೆ ಸದಸ್ಯರು ತೆಗೆದುಕೊಂಡು ಹೋದರು.

ಹೊರಡುವಾಗ ಸಾಹೇಬರು ಮೂಲೆಯ ಒಂದು ಮರವನ್ನು ತೋರಿಸಿ, ಇದೊಂದು ಮಾತ್ರ ನಿಜವಾಗಿಯೂ ಪೊಳ್ಳು, ಮುಂದಿನ ಮಳೆಗಾಲದೊಳಗೆ ತೆಗೆಸಿಬಿಡಿ ಎಂದರು. ಈ ಸಲ ಅವರ ಮಾತನ್ನು ಯಾರೂ ನಂಬಲಿಲ್ಲ. ಅಲ್ಲಾನ ಮೇಲೆ ಆಣೆ ಇಟ್ಟರೂ ಅಣ್ಣ ನಗುತ್ತಲೇ ಇದ್ದ. ಮರುವರ್ಷದ ಮುಂಗಾರಿನ ಗಾಳಿಗೆ ಆ ಮರ ತೋಪಿನ ಅಂಚಿನ ನಮ್ಮ ದನದ ಕೊಟ್ಟಿಗೆಯ ಮೇಲೇ ಬಿತ್ತು. ದನಗಳು ಮೇಯಲು ಹೋಗಿದ್ದವು, ಅಷ್ಟು ಪುಣ್ಯ.

ನಾನು ಸಾಹೇಬರನ್ನು ಬಸ್ಸಿನವರೆಗೆ ಬಿಡಲು ಹೋದೆ. ಒಂದು ಒಳ್ಳೆಯ ವ್ಯಾಪಾರ ಕಳೆದುಕೊಂಡ ಮನುಷ್ಯ, ಕೊಡಲಿಯನ್ನು ಕೊಡೆಯ ಹಾಗೆ ಊರಿಕೊಂಡು ನಡೆಯುತ್ತಿದ್ದರು. ಮುಂದಿನ ವಾರ ಬಾಗೇಪಲ್ಲಿ ಕಡೆ ಒಂದು ಮಾವಿನ ತೋಪು ನೋಡಲು ಹೋಗುತ್ತಿರುವುದಾಗಿ ಹೇಳಿದರು. ಅಲ್ಲಿ ಎಲ್ಲಿ ತಟ್ಟುತ್ತೀರಿ ಎಂದು ಕೇಳಿದೆ.

"ಎಲ್ಲಾ ಕಡೆ ತಟ್ತೀನಿ" ಎಂದರು. "ಮರ ಏನು ಹೇಳುತ್ತೋ ಅದನ್ನೇ ಹೇಳ್ತೀನಿ."

ಬಸ್ಸು ಬಂತು. ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು, ಕೊಡಲಿಯನ್ನು ಕಾಲಿನ ಸಂದಿಯಲ್ಲಿ ಇಟ್ಟುಕೊಂಡರು. ಬಸ್ಸು ಹೊರಟ ಮೇಲೆ ತಲೆ ಹೊರಗೆ ಹಾಕಿ ನನ್ನನ್ನು ಕರೆದರು.

"ಆದ್ರೆ ಸ್ವಲ್ಪ ಮೆಲ್ಲಗೆ ಹೇಳ್ತೀನಿ ಮೇಷ್ಟ್ರೇ."